ಅಜ್ಜಿಯ ಬುತ್ತಿ

ನಮ್ಮ ಗಂಗಾವತಿಗೆ ಭತ್ತದ ಕಣಜ ಅಂತ ಹೆಸರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯಿತು, ಆಮೇಲೆ ಎಡದಂಡೆ ಕಾಲುವೆಯ ನೀರು ಬಂತು, ಹೊಲಗಳು ಗದ್ದೆಗಳಾದವು. ಊರೆಲ್ಲ ಅನ್ನಕ್ಕೆ ಒಗ್ಗಿತು. ಒಗ್ಗದೆ ಉಳಿದವಳು ಯಲಬುರ್ಗಾದ ಎರೆಹೊಲದ ಕಡೆಯಿಂದ ಸೊಸೆಯಾಗಿ ಬಂದ ನಮ್ಮಜ್ಜಿ. "ಅನ್ನ ಹೊಟ್ಟಿ ತುಂಬ್ಸಂಗಿಲ್ಲ, ಸುಮ್ನ ಹೊಟ್ಟಿಗೆ ಸುಳ್ಳು ಹೇಳ್ತೈತಿ" ಅನ್ನುತ್ತಿದ್ದಳು. ಭತ್ತ ಬೆಳೆಯುವ ಅಜ್ಜ ಇದನ್ನು ಕೇಳಿಸಿಕೊಂಡೇ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದ.

ಅವಳು ಮನೆ ಬಿಟ್ಟು ಹೋಗಿದ್ದೇ ಕಡಿಮೆ. ಹುಲಿಗೆಮ್ಮನ ಗುಡಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ವಾಪಸ್. ತಾನು ಹೋಗದ ಕಡೆಗೆಲ್ಲ ಬುತ್ತಿ ಕಳಿಸುತ್ತಿದ್ದಳು, ಅಷ್ಟೇ.

ಒಮ್ಮೆ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬುತ್ತಿಗಂಟನ್ನು ಕೊಕ್ಕೆಗೆ ತೂಗುಹಾಕಿ ಮಲಗಿದೆ. ಬಳ್ಳಾರಿ ದಾಟುವಷ್ಟರಲ್ಲಿ ಎಣ್ಣೆಗಾಯಿಯ ಡಬ್ಬಿ ಬಾಯಿ ಬಿಟ್ಟಿತ್ತು. ಕೆಳಗೆ ಮಲಗಿದ್ದ ಹಿರಿಯರ ಬಿಳಿ ಜುಬ್ಬದ ಮೇಲೆ ತೊಟ್ಟು ತೊಟ್ಟಾಗಿ ಕೆಂಪೆಣ್ಣೆ. ಅವರು ದಡಕ್ಕನೆ ಎದ್ದರು. ಬೈಗುಳಕ್ಕೆ ತಯಾರಾಗಿ ನಾನೂ ಎದ್ದು ಕೂತೆ. ಅವರು ಜುಬ್ಬ ಮೂಸಿ ನೋಡಿದರು. "ಏನಪಾ ತಮ್ಮ, ಎಣ್ಣೆಗಾಯಿ ಅಲ್ಲೇನು? ರೊಟ್ಟಿನೂ ಅದಾವೇನು?" ಇದ್ದವು. ಗುರೆಳ್ಳು ಪುಡಿಯೂ ಇತ್ತು. ಮಧ್ಯರಾತ್ರಿ ಆ ಬೋಗಿಯಲ್ಲಿ ಪಂಕ್ತಿಯೇ ಕೂತಿತು.

ಅಜ್ಜಿಗೆ ಫೋನಿನಲ್ಲಿ ಹೇಳಿದೆ. ಜುಬ್ಬದ ಬಗ್ಗೆ ಒಂದು ಮಾತೂ ಇಲ್ಲ. "ಅವ್ರಿಗೆ ಮೊಸರು ಹಾಕಿದ್ಯೋ ಇಲ್ಲೋ?"

ಅವಳ ಕಟ್ಟುನಿಟ್ಟು ಕಾಣುತ್ತಿದ್ದದ್ದು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ. ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ ಹೋಗುತ್ತವಲ್ಲ, ನಮ್ಮ ಮನೆಯದೂ ಒಂದು ಪಾಲು. ಆ ರೊಟ್ಟಿಯ ಬುಟ್ಟಿಗೆ ಮನೆಮಂದಿ ಕೈ ಹಚ್ಚುವ ಹಾಗಿರಲಿಲ್ಲ. ಅತ್ತೆಯ ಮದುವೆಯಾದ ಹೊಸತು. ಹಸಿದು ಬಂದ ಅಳಿಯ, ಗೊತ್ತಿಲ್ಲದೆ ಅದರಲ್ಲೊಂದು ರೊಟ್ಟಿ ಕಟಕ್ ಅಂತ ಮುರಿದ. ಆ ಸಪ್ಪಳ ಹಿತ್ತಲಲ್ಲಿದ್ದ ಅಜ್ಜಿಗೆ ಕೇಳಿಸಿತು. ಅಳಿಯನನ್ನು ಬೈಯೋಕಾಗುತ್ತಾ? ಅದಕ್ಕೆ ಬಡಿಸಿಯೇ ಸೇಡು ತೀರಿಸಿಕೊಂಡಳು. "ಇನ್ನೊಂದು ತಗೋರಿ, ಹಸಿದೀರಿ" ಅಂತ ಬಿಸಿ ರೊಟ್ಟಿ ಬಡಿದು ಬಡಿದು ಹಾಕಿದಳು. ಮಾವ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಕೈಯ ಮೇಲೇ ರೊಟ್ಟಿ ಬಿತ್ತು. ಇವತ್ತಿಗೂ ಮಾವ ನಮ್ಮ ಮನೆಗೆ ಊಟ ಮುಗಿಸಿಕೊಂಡೇ ಬರೋದು.

ಅಜ್ಜಿ ತೀರಿಕೊಂಡ ಮೇಲೆ ಹೊಲ-ಗದ್ದೆಯ ಪಾಲು ಒಂದೇ ಸಂಜೆಯಲ್ಲಿ, ಚಹಾ ಕುಡಿಯುತ್ತಾ ಮುಗಿಯಿತು. ಚಿಕ್ಕಪ್ಪಂದಿರು ನಗುನಗುತ್ತಾ ಸಹಿ ಹಾಕಿದರು. ಜಗಳ ಶುರುವಾಗಿದ್ದು ಅಡುಗೆಮನೆಯಲ್ಲಿ, ರೊಟ್ಟಿ ಹಂಚಿನ ವಿಷಯಕ್ಕೆ. ನಡುವೆ ಸವೆದು ಗುಣಿಬಿದ್ದ ಹಳೇ ಕಬ್ಬಿಣದ ಹಂಚು, ಗುಜರಿಯವನೂ ಮೂಸುವುದಿಲ್ಲ. ನಮ್ಮವ್ವ ಬಿಡಲಿಲ್ಲ, ಚಿಕ್ಕಮ್ಮಂದಿರು ಸೋಲಲಿಲ್ಲ. ಕೊನೆಗೆ ಹಂಚು ಮನೆಮನೆಗೆ ಸರದಿಯ ಮೇಲೆ ತಿರುಗಬೇಕು ಅಂತ ತೀರ್ಮಾನವಾಗಿದೆ. ಸದ್ಯ ಸಣ್ಣ ಚಿಕ್ಕಮ್ಮನ ಹತ್ತಿರ ಇದೆ. ಸರದಿ ಮುಗಿದರೂ ವಾಪಸ್ ಕೊಟ್ಟಿಲ್ಲ.