‘ಕೋಡಾ’: ಬಾನಮ್ ಸತ್ತ ಮೇಲಿನ ಹೊಸ ಆಲ್ಬಮ್ ಅಲ್ಲ
ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ ಮೇಲೆ ಇಂಗ್ಲಿಷ್ ರಾಕ್ ತಂಡ ಲೆಡ್ ಝೆಪೆಲಿನ್ ಬೇರೊಬ್ಬ ಡ್ರಮ್ಮರನನ್ನು ಕೂರಿಸಿಕೊಂಡು ‘ಕೋಡಾ’ ಮಾಡಿತು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಆಲ್ಬಮ್ 1982ರ ನವೆಂಬರಿನಲ್ಲಿ ಬಂದದ್ದು ನಿಜ, ಬಾನಮ್ 1980ರ ಸೆಪ್ಟೆಂಬರಿನಲ್ಲೇ ಹೋಗಿದ್ದೂ ನಿಜ. ಆದರೆ ಎಂಟೂ ಹಾಡುಗಳಲ್ಲಿ ಡ್ರಮ್ಸ್ ಅವರದೇ. ಹಳೆಯ ಆಲ್ಬಮ್‌ಗಳಿಗೆ ಸೇರದೆ ಉಳಿದಿದ್ದವನ್ನು ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಹೆಕ್ಕಿ ತಂದರು. ಮೂರು ಹಾಡುಗಳು 1978ರಲ್ಲಿ ಸ್ಟಾಕ್‌ಹೋಮ್‌ನ ಸ್ಟುಡಿಯೋದಲ್ಲಿ ಮುದ್ರಣಗೊಂಡವು.

ಗೊಂದಲಕ್ಕೆ ಆಲ್ಬಮ್ ಹೊದಿಕೆಯ ಬರಹದ ಪಾಲೂ ಇದೆ. ಮೊದಲ ಹಾಡನ್ನು ಅದು ಸ್ಟುಡಿಯೋ ಮುದ್ರಣವೆಂದಿತು. ಅಸಲಿಗೆ ಅದು 1970ರ ಜನವರಿ 9ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ್ದು. ಜನರ ಚಪ್ಪಾಳೆಯನ್ನು ಅಳಿಸಿ, ಮೇಲೊಂದಿಷ್ಟು ಗಿಟಾರ್ ಸೇರಿಸಿದ್ದಾರೆ. ಚಪ್ಪಾಳೆಯಿಲ್ಲದ ಕಛೇರಿಯನ್ನು ಕಿವಿ ಗುರುತಿಸುವುದಾದರೂ ಹೇಗೆ?