"ಎಲ್ಲರಿಗೂ ಓಕೆ ಅಲ್ವಾ?" ಅಂತ ಇನ್ನು ಕೇಳಬೇಡಿ

ನಾನಿರುವ ಒಂದು ಚಿಕ್ಕ ಗುಂಪಿನಲ್ಲಿ ಓಟು ಹಾಕುವ ಪದ್ಧತಿ ಇಲ್ಲ. ಏನಿದ್ದರೂ ಒಮ್ಮತದಿಂದಲೇ ಆಗಬೇಕು. ಕೇಳೋಕೆ ಚೆನ್ನಾಗಿದೆ. ನಡೆಯುತ್ತಿದ್ದದ್ದು ಮಾತ್ರ ಹೀಗೆ: ಇಬ್ಬರು ಮೂವರು ಮಾತಾಡುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ. ಕೊನೆಗೆ ಸಭೆ ನಡೆಸುವವರು "ಎಲ್ಲರಿಗೂ ಓಕೆ ಅಲ್ವಾ?" ಅನ್ನುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ. ಒಮ್ಮತ ಆಯಿತು ಅಂತ ಬರೆದುಕೊಳ್ಳುತ್ತಾರೆ. ಬಾಗಿಲು ದಾಟಿದ ಮೇಲೆ ನಿಜವಾದ ಸಭೆ ಶುರು.

ಬೇರೆಯವರನ್ನು ದೂರುತ್ತಿಲ್ಲ. ಒಮ್ಮೆ ಸಭೆ ನಡೆಸಿದ್ದು ನಾನೇ, ಚರ್ಚೆಗಿದ್ದ ಪ್ರಸ್ತಾಪವೂ ನನ್ನದೇ. ನನ್ನ ಪರ ಮಾತಾಡಿದವರಿಗೆ "ಹೇಳಿ ಹೇಳಿ" ಅಂದೆ. ಅನುಮಾನ ಎತ್ತಿದವರಿಗೆ "ಟೈಮ್ ಆಗ್ತಿದೆ" ಅಂದೆ. ಬೇಕಂತಲೇ ಮಾಡಿದ್ದಲ್ಲ, ಆಗ ಅದು ನನಗೆ ಗೊತ್ತೂ ಆಗಲಿಲ್ಲ. ತೀರ್ಮಾನ ಪಾಸಾಯಿತು. ಎರಡು ತಿಂಗಳಾದರೂ ಕೆಲಸಕ್ಕೆ ಒಬ್ಬರೂ ಕೈ ಹಾಕಲಿಲ್ಲ. ಒಪ್ಪಿದವರು ಇದ್ದಿದ್ದರೆ ತಾನೆ!

ಅವತ್ತಿನಿಂದ ನನ್ನದು ಒಂದೇ ಹಟ. ಯಾರಿಗೆ ಆ ವಿಷಯದಲ್ಲಿ ಗಟ್ಟಿ ಅಭಿಪ್ರಾಯ ಇದೆಯೋ ಅವರು ಆ ಹೊತ್ತಿಗೆ ಸಭೆ ನಡೆಸಬಾರದು. ಮಾತಾಡಬೇಕು ಅನ್ನಿಸಿದರೆ ಕುರ್ಚಿ ಬಿಟ್ಟುಕೊಟ್ಟು ಮಾತಾಡಲಿ. ಸಭೆ ನಡೆಸುವವರು ಅಧ್ಯಕ್ಷರಲ್ಲ. ದಾರಿ ತಪ್ಪಿದ ಮಾತನ್ನು ವಾಪಸ್ ತರುವುದು, ಸುಮ್ನೆ ಕೂತವರ ಕಡೆ ತಿರುಗುವುದು, ಇಷ್ಟೇ ಅವರ ಕೆಲಸ.

ಬರೆದುಕೊಳ್ಳುವವರನ್ನು ನಾವೆಲ್ಲ ಗುಮಾಸ್ತರ ಥರ ನೋಡುತ್ತೇವೆ. ನನ್ನ ಪ್ರಕಾರ ಕೋಣೆಯಲ್ಲಿ ಅವರ ಕೈಯಲ್ಲಿರುವಷ್ಟು ಅಧಿಕಾರ ಇನ್ನೊಬ್ಬರಿಗಿಲ್ಲ. ತಿಂಗಳಾದ ಮೇಲೆ ಉಳಿಯುವುದು ಅವರು ಬರೆದದ್ದೇ ಅಲ್ವಾ? ಕ್ವೇಕರ್ ಅನ್ನುವ ಕ್ರೈಸ್ತ ಪಂಥ 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಅವರ ಸಭೆಗಳಲ್ಲಿ ಓಟು ಇಲ್ಲ. ಸಭೆಯ ಮನಸ್ಸು ಯಾವ ಕಡೆ ಇದೆ ಅಂತ ಕ್ಲರ್ಕ್ ಗ್ರಹಿಸಿ, ಅಲ್ಲೇ ಬರೆದು, ಅಲ್ಲೇ ಓದಿ ಹೇಳುತ್ತಾರೆ. ಸರಿಯಿಲ್ಲ ಅಂದರೆ ಅಲ್ಲೇ ತಿದ್ದುತ್ತಾರೆ. ನಾವು ಇದನ್ನು ಕದ್ದೆವು. ಓದಿ ಹೇಳಿದ ಕೂಡಲೇ "ನಾನು ಒಪ್ಪಿದ್ದು ಇದಕ್ಕಲ್ಲ" ಅಂತ ಎಷ್ಟು ಜನ ಅಂದರು ಗೊತ್ತಾ?

ಸರದಿ ನೋಡಿಕೊಳ್ಳುವವರೂ ಬೇಕು. 2011ರಲ್ಲಿ ನ್ಯೂಯಾರ್ಕಿನಲ್ಲಿ ಆರ್ಥಿಕ ಅಸಮಾನತೆಯ ವಿರುದ್ಧ ನಡೆದ ಆಕ್ಯುಪೈ ಚಳವಳಿಯ ಸಭೆಗಳಲ್ಲಿ ಮೊದಲು ಕೈ ಎತ್ತಿದವರಿಗೇ ಮೊದಲ ಅವಕಾಶ ಅಂತಿರಲಿಲ್ಲ. ಅಷ್ಟಾಗಿ ದನಿ ಸಿಗದವರನ್ನು ಸಾಲಿನಲ್ಲಿ ಮುಂದೆ ತರುತ್ತಿದ್ದರು. ಒಪ್ಪಿಗೆ ಇದ್ದರೆ ಬೆರಳು ಮೇಲೆ ಮಾಡಿ ಆಡಿಸುವುದು, ಇಲ್ಲದಿದ್ದರೆ ಕೆಳಗೆ. ನೋಡೋಕೆ ಮಕ್ಕಳಾಟ. ಆದರೆ ನಾಚಿಕೆಯವರು ಬಾಯಿಗಿಂತ ಮೊದಲು ಬೆರಳು ಬಿಚ್ಚುತ್ತಾರೆ.

ಇನ್ನು ತಡೆ ಹಾಕುವ ಹಕ್ಕು. ಇಲ್ಲೇ ಒಮ್ಮತ ಎಡವುವುದು. ಹಳೆಯ ಪೋಲೆಂಡಿನ ಸಂಸತ್ತಿನಲ್ಲಿ ಒಬ್ಬೇ ಒಬ್ಬ ಸದಸ್ಯ "ಒಪ್ಪುವುದಿಲ್ಲ" ಅಂದರೆ ಇಡೀ ಅಧಿವೇಶನವೇ ಬಿದ್ದುಹೋಗುತ್ತಿತ್ತು. 1652ರಲ್ಲಿ ಶುರುವಾದ ಈ ಚಾಳಿಯನ್ನು 1791ರ ಸಂವಿಧಾನ ತೆಗೆದುಹಾಕಿತು. ಅದಾಗಿ ನಾಲ್ಕೇ ವರ್ಷಕ್ಕೆ ಆ ದೇಶವೇ ನಕಾಶೆಯಲ್ಲಿ ಇರಲಿಲ್ಲ. ಕಾರಣ ಇದೊಂದೇ ಅಲ್ಲ ಬಿಡಿ, ಆದರೂ.

ಹಾಗಾಗಿ ನಾವು ಪ್ರಶ್ನೆಯನ್ನೇ ಬದಲಿಸಿದೆವು. "ನಿಮಗೆ ಇಷ್ಟವಾ?" ಅಂತಲ್ಲ, "ಇದರಿಂದ ಗುಂಪಿಗೆ ಏನಾದರೂ ಕೆಡುಕಾಗುತ್ತಾ? ಹೇಗೆ?" ಅಂತ. ನೆದರ್‌ಲ್ಯಾಂಡ್ಸ್‌ನಲ್ಲಿ ಗೆರಾರ್ಡ್ ಎಂಡೆನ್‌ಬರ್ಗ್ ತಮ್ಮ ಕಂಪನಿಯಲ್ಲಿ ಬೆಳೆಸಿದ ಪದ್ಧತಿಯ ತಿರುಳೂ ಹೆಚ್ಚುಕಮ್ಮಿ ಇದೇ. ಕಾರಣ ಕೊಟ್ಟರೆ ಪ್ರಸ್ತಾಪ ತಿದ್ದುತ್ತೇವೆ. ಬರೀ ಮನಸ್ಸಿಲ್ಲದಿದ್ದರೆ ತಡೆಯದೆ ಪಕ್ಕಕ್ಕೆ ನಿಲ್ಲಬಹುದು, ಅದನ್ನೂ ಬರೆದುಕೊಳ್ಳುತ್ತೇವೆ. ಮತ್ತೆ, ಕೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರಬೇಕು. ಆ ಹತ್ತು ಸೆಕೆಂಡ್ ಭಯಂಕರ ಉದ್ದ. ಒಳ್ಳೆಯ ಆಕ್ಷೇಪಗಳು ಬರುವುದು ಒಂಬತ್ತನೆಯದರಲ್ಲಿ.

ಕೆಲಸಗಳು ಪ್ರತಿ ಸಲ ಕೈ ಬದಲಾಗುತ್ತವೆ. ಕಳೆದ ಸಭೆಯಲ್ಲಿ ಟೈಮ್ ನೋಡುವ ಸರದಿ ಎಲ್ಲರಿಗಿಂತ ಚಿಕ್ಕ ಹುಡುಗಿಯದು. ಎಲ್ಲರಿಗಿಂತ ಹಿರಿಯರು ಮಾತಿನ ಮಧ್ಯದಲ್ಲಿದ್ದಾಗ ಕೈ ಎತ್ತಿ "ಸರ್, ನಿಮ್ಮ ಟೈಮ್ ಮುಗೀತು" ಅಂದಳು. ಕೋಣೆ ತಣ್ಣಗಾಯಿತು. ಅವರು ಅವಳನ್ನೇ ನೋಡಿ "ಇನ್ನೆರಡು ನಿಮಿಷ ಸಿಗುತ್ತಾ ಮಗಳೇ?" ಅಂದರು. ಅವಳು ನಮ್ಮೆಲ್ಲರ ಬೆರಳು ನೋಡಿ ಒಂದು ನಿಮಿಷ ಕೊಟ್ಟಳು.