ಸಿಲ್ಕಿ ಕೋಳಿಗೆ ಮೊಲದ ನೆಂಟಸ್ತಿಕೆ ಇಲ್ಲ

ದಾವಣಗೆರೆ, ಚಿತ್ರದುರ್ಗದ ಕಡೆ ಕೋಳಿ ಸಾಕುವವರ ಮೊಬೈಲ್‌ಗಳಲ್ಲಿ ಸಿಲ್ಕಿಯ ಚಿತ್ರದ ಜೊತೆಗೇ ಸುತ್ತುವ ಸಾಲೊಂದಿದೆ: ಇದು ಮೊಲ ಮತ್ತು ಕೋಳಿಯ ಮಿಶ್ರತಳಿ. ಮುಟ್ಟಿ ನೋಡಿದವರಿಗೆ ಹಾಗನ್ನಿಸಿದರೆ ಅಚ್ಚರಿಯಿಲ್ಲ. ಮೈಮೇಲಿರುವುದು ಗರಿಯೋ ತುಪ್ಪಳವೋ ಎಂದು ನನಗೂ ಮೊದಲು ಗೊಂದಲವಾಗಿತ್ತು.

ಸಿಲ್ಕಿ ಅಪ್ಪಟ ಕೋಳಿ. ಮೊಲಕ್ಕೆ 44 ವರ್ಣತಂತುಗಳು, ಕೋಳಿಗೆ 78. ಸಸ್ತನಿಗೂ ಹಕ್ಕಿಗೂ ಮರಿಯಾಗುವುದಿಲ್ಲ. ಗರಿಯ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಸೂಕ್ಷ್ಮ ಕೊಕ್ಕೆಗಳು ಇದರಲ್ಲಿ ಸರಿಯಾಗಿ ರೂಪುಗೊಳ್ಳುವುದಿಲ್ಲ, ಹಾಗಾಗಿ ಎಳೆಗಳು ಬಿಡಿಬಿಡಿಯಾಗಿ ರೇಷ್ಮೆಯಂತೆ ನಿಲ್ಲುತ್ತವೆ. (ಮಳೆಗೆ ಬೇಗ ತೊಯ್ದು ಮುದ್ದೆಯಾಗುವುದೂ ಅದಕ್ಕೇ; ಗೂಡು ಒಣಗಿರಲಿ.)

ಪರೀಕ್ಷೆಗೆ ಪ್ರಯೋಗಾಲಯ ಬೇಡ. ಉದುರಿದ ನಾಟಿ ಕೋಳಿಯ ಗರಿಯನ್ನು ಕೆದರಿ ಮತ್ತೆ ನೇವರಿಸಿದರೆ ಕೂಡಿಕೊಳ್ಳುತ್ತದೆ, ಸಿಲ್ಕಿಯದು ಕೂಡುವುದಿಲ್ಲ. ಆದರೆ ಎರಡಕ್ಕೂ ನಡುವೆ ದಂಟಿದೆ, ಮೊಲದ ಕೂದಲಿಗಿಲ್ಲ. ತಾಳ್ಮೆಯಿದ್ದರೆ ಇನ್ನೂ ಸೊಗಸಾದ ಪುರಾವೆಯಿದೆ. ಸಿಲ್ಕಿ ಹುಂಜವನ್ನು ನಾಟಿ ಹೇಟೆಯ ಜೊತೆ ಬಿಡಿ. ಕಾವು ಕೂತ ಸುಮಾರು 21 ದಿನಕ್ಕೆ ಹೊರಬರುವ ಮರಿಗಳು ಬೆಳೆದಾಗ ಮಾಮೂಲಿ ಗರಿಯನ್ನೇ ಹೊದ್ದಿರುತ್ತವೆ, ರೇಷ್ಮೆ ಗುಣ ಒಳಗೆ ಅಡಗಿರುತ್ತದೆ. ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ, ಮುಂದಿನ ತಲೆಮಾರಿನಲ್ಲಿ ಸರಾಸರಿ ನಾಲ್ಕರಲ್ಲೊಂದು ಮರಿ ಮತ್ತೆ ರೇಷ್ಮೆ ಹೊದ್ದು ಬರುತ್ತದೆ.